ಕೊಳಕುಮಂಡಲ ಕಚ್ಚಿದಾಗ ಆ 20 ನಿಮಿಷ ಯಾಕೆ?

ಮಳೆ ಹಿಡಿದು ಹೊಲದ ಕೆಲಸ ಜೋರಾದರೆ ಸಾಕು, ಕಡೂರು, ಅರಸೀಕೆರೆ ಕಡೆಯಿಂದ ಕೊಳಕುಮಂಡಲ ಕಚ್ಚಿಸಿಕೊಂಡವರು ನಮ್ಮ ಆಸ್ಪತ್ರೆಗೆ ಬರುತ್ತಾರೆ. ಜೊತೆಗೆ ಬಂದವರ ಸಿಟ್ಟು ಹೆಚ್ಚು ಕಡಿಮೆ ಒಂದೇ ತರ. "ರಕ್ತ ತೆಗೆದು ಗಡಿಯಾರ ನೋಡ್ತಾ ನಿಂತಿದ್ದೀರಲ್ಲ ಸಾರ್, ಬೇಗ ಇಂಜೆಕ್ಷನ್ ಕೊಡಿ!" ಅವರ ಆತಂಕ ಅರ್ಥವಾಗುತ್ತದೆ. ಆದರೆ ಪ್ರತಿವಿಷದ ಇಂಜೆಕ್ಷನ್ ಬೇಕೋ ಬೇಡವೋ ಎಂದು ಹೇಳುವುದೇ ಆ ರಕ್ತ.

ಪರೀಕ್ಷೆ ತೀರಾ ಸರಳ. 2 ಎಂ.ಎಲ್. ರಕ್ತವನ್ನು ಒಣಗಿದ, ಹೊಸ ಗಾಜಿನ ಟ್ಯೂಬಿಗೆ ಹಾಕಿ ಅಲುಗಿಸದೆ 20 ನಿಮಿಷ ಬಿಡುತ್ತೇವೆ. ಆಮೇಲೆ ಒಂದು ಸಲ ಬಗ್ಗಿಸಿ ನೋಡುತ್ತೇವೆ. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಪರವಾಗಿಲ್ಲ. ನೀರಿನ ಹಾಗೆ ಹರಿದರೆ ವಿಷ ಕೆಲಸ ಶುರು ಮಾಡಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ಆಗದು. ಗಾಜಿನ ಮೈ ತಾಗಿದರೇನೇ ರಕ್ತ ಸರಿಯಾಗಿ ಹೆಪ್ಪುಗಟ್ಟುವುದು. ಒಸಡಿನಲ್ಲಿ ರಕ್ತ ಬರುತ್ತಿದ್ದರೆ, ಬಿ.ಪಿ. ಇಳಿದಿದ್ದರೆ ನಾವೂ ಕಾಯುವುದಿಲ್ಲ.

ಎಲ್ಲರಿಗೂ ಇಂಜೆಕ್ಷನ್ ಕೊಟ್ಟುಬಿಡಬಹುದಲ್ವಾ? ಬೇಡ. ಕೆಲವೊಮ್ಮೆ ಹಾವು ಕಚ್ಚಿದರೂ ವಿಷ ಬಿಟ್ಟಿರುವುದಿಲ್ಲ. ಪ್ರತಿವಿಷವನ್ನು ತಯಾರಿಸುವುದು ಕುದುರೆಯ ರಕ್ತದಿಂದ. ಅದು ಕೆಲವರ ಮೈಗೆ ಒಗ್ಗದೆ ಜೀವಕ್ಕೇ ಕುತ್ತು ತರಬಹುದು.

ಮಂಡಲದ ವಿಷ ರಕ್ತವನ್ನು ನೀರು ಮಾಡುತ್ತದೆ ಎಂದು ಜನ ಹೇಳುತ್ತಾರೆ. ನಿಜಕ್ಕೂ ಮೊದಲು ನಡೆಯುವುದು ಅದರ ಉಲ್ಟಾ. ಗಾಯವಾದ ಜಾಗದಲ್ಲಿ ಮಾತ್ರ ಹೆಪ್ಪುಗಟ್ಟಬೇಕಾದ ರಕ್ತವನ್ನು ಈ ವಿಷ ಮೈಯಲ್ಲೆಲ್ಲ ಹೆಪ್ಪುಗಟ್ಟಿಸಲು ಹೊರಡುತ್ತದೆ. ಫ್ಯಾಕ್ಟರ್ 5 ಮತ್ತು 10 ಎಂಬ ಎರಡು ಪ್ರೋಟೀನುಗಳನ್ನು ನೇರವಾಗಿ ಕೆರಳಿಸುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜೆನ್ ಹೀಗೆ ಸುಮ್ನೆ ಖರ್ಚಾಗಿ ಮುಗಿಯುತ್ತದೆ. ಆಮೇಲೆ ನಿಜವಾಗಿ ರಕ್ತ ಸೋರಿದಾಗ ತಡೆಯಲು ಏನೂ ಉಳಿದಿರುವುದಿಲ್ಲ. ತಮಾಷೆ ಏನೆಂದರೆ, 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಇದೇ ವಿಷವನ್ನು ತೀರಾ ತೆಳ್ಳಗೆ ಮಾಡಿ, ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು.

ಪ್ರತಿವಿಷ ಕೊಟ್ಟ ತಕ್ಷಣ ರಕ್ತ ಸರಿಹೋಗುವುದಿಲ್ಲ. ಸಾಮಾನ್ಯವಾಗಿ 10 ವಯಲ್‌ನಿಂದ ಶುರು ಮಾಡುತ್ತೇವೆ, ಮಕ್ಕಳಿಗೂ ಅಷ್ಟೇ. ಹಾವು ಬಿಡುವ ವಿಷ ಆಳು ನೋಡಿ ಕಡಿಮೆಯಾಗುವುದಿಲ್ಲವಲ್ಲ. ಪ್ರತಿವಿಷ ಆ ವಿಷವನ್ನು ಮಾತ್ರ ತಡೆಯುತ್ತದೆ. ಫೈಬ್ರಿನೋಜೆನ್ ಮತ್ತೆ ಮಾಡಬೇಕಾದ್ದು ಲಿವರ್. ಅದಕ್ಕೆ ಸುಮಾರು 6 ಗಂಟೆ ಬೇಕು. ಆದ್ದರಿಂದಲೇ 6 ಗಂಟೆ ಬಿಟ್ಟು ಮತ್ತೆ ಟ್ಯೂಬ್ ಹಿಡಿಯುತ್ತೇವೆ.

ಇನ್ನು ಊತ. ವಿಷದಿಂದ ಸಣ್ಣ ರಕ್ತನಾಳಗಳು ಸೋರಲು ಶುರುವಾದರೆ ರಕ್ತದೊಳಗಿನ ನೀರು ಮಾಂಸಕ್ಕೆ ಇಳಿಯುತ್ತದೆ. ಪಾದದ ಊತ ತೊಡೆಗೆ ಏರುತ್ತದೆ, ಕೆಲವರಿಗೆ ಕಣ್ಣು, ಕೆನ್ನೆಯೂ ಊದಿಕೊಳ್ಳುತ್ತವೆ. ಕೆನ್ನೆ ಊದಿದವರನ್ನು ಕಂಡರೆ ನನಗೆ ಭಯ ಜಾಸ್ತಿ. ಮೈಯೆಲ್ಲ ಊದಿರುತ್ತದೆ, ನಾಳದೊಳಗೆ ಮಾತ್ರ ದ್ರವ ಕಡಿಮೆ. ಬಿ.ಪಿ. ಬೀಳುತ್ತದೆ, ಕಿಡ್ನಿಗೆ ರಕ್ತ ಸಾಲದು. ಮೂತ್ರ ಎಷ್ಟು ಬಂತು ಎಂದು ನರ್ಸ್ ಪದೇ ಪದೇ ಕೇಳುವುದು ಇದಕ್ಕೇ.

ಇಂಥ ಕಾಲಿಗೆ ಹಗ್ಗ ಬಿಗಿದು ಕಟ್ಟಿದರೆ ಏನಾಗುತ್ತದೆ, ಯೋಚಿಸಿ. ಊತ ಒಳಗೇ ಹಿಸುಕುತ್ತದೆ, ಮಾಂಸ ಕೊಳೆಯುತ್ತದೆ. ಬ್ಲೇಡಿನಿಂದ ಕೊಯ್ದರೆ ರಕ್ತ ನಿಲ್ಲುವುದೇ ಇಲ್ಲ. ದಾರಿಯಲ್ಲಿ ಯಾರೋ ಸೊಂಟಕ್ಕೆ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸುವುದೂ ಇದೆ. ಅಲ್ಲೇ ರಕ್ತ ತುಂಬಿಕೊಳ್ಳುತ್ತದೆ, ಕಿಡ್ನಿಗೂ ಪೆಟ್ಟು. ಟಿ.ಟಿ. ಕೂಡ ರಕ್ತ ಸರಿಯಾದ ಮೇಲೆಯೇ. ಕೈಕಾಲು ಅಲುಗದಂತೆ ಇಟ್ಟು, ಉಂಗುರ, ಕಾಲುಂಗುರ ಬಿಚ್ಚಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ.

ಮೂಡಿಗೆರೆ, ಸಕಲೇಶಪುರದ ತೋಟಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ತರಗೆಲೆಯೊಳಗೆ ಕೂರುವ, ಮೂಗಿನ ತುದಿ ಎತ್ತಿದಂತಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಇದೆ. ಅದೂ ರಕ್ತವನ್ನು, ಕಿಡ್ನಿಯನ್ನು ಕೆಡಿಸಬಲ್ಲದು. ಆದರೆ ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾತ್ರ ತಯಾರಾದದ್ದು. ಈ ಪಿಟ್ ವೈಪರ್ ಕಚ್ಚಿದರೆ ಅದು ಕೆಲಸ ಮಾಡುವುದಿಲ್ಲ. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕರೆ ನಮಗೆ ದೊಡ್ಡ ಉಪಕಾರ. ದಯವಿಟ್ಟು ಹಾವನ್ನು ಹೊಡೆದು ಚೀಲದಲ್ಲಿ ತರಬೇಡಿ, ತಂದವರೂ ಇದ್ದಾರೆ.

ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಲೆಕ್ಕ ಕೊಡಬೇಕು. ಒಳ್ಳೆಯದೇ ಆಯಿತು.

ಡಿಸ್ಚಾರ್ಜ್ ಆದವರು ಮಾತ್ರ ಆಮೇಲೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ವೈದ್ಯರು ಹೇಳಿದ ದಿನ ಬಂದು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿಸಿ. ಕೊಳಕುಮಂಡಲ ಕಚ್ಚಿ ಬದುಕಿದ ಕೆಲವರಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಹಾನಿಯಾಗಿರುತ್ತದೆ. ತಿಂಗಳುಗಳ ನಂತರ ವಿಪರೀತ ಸುಸ್ತು, ಚಳಿ ತಡೆಯಲಾಗದಿರುವುದು, ಮುಟ್ಟು ನಿಲ್ಲುವುದು ಕಾಣಿಸಬಹುದು. ಆಗ ಯಾವ ಡಾಕ್ಟರ ಹತ್ತಿರ ಹೋದರೂ "ಹಿಂದೆ ಹಾವು ಕಚ್ಚಿತ್ತು" ಎಂದು ಮೊದಲೇ ಹೇಳಿ. ಹಾರ್ಮೋನ್ ಮಾತ್ರೆಯಿಂದ ಇದನ್ನು ಹತೋಟಿಗೆ ತರಬಹುದು.