ಕಂತು ಏರಿಲ್ಲ, ಸಾಲ ಬೆಳೆದಿದೆ

"ಕಂತು ಮೊದಲಿನಷ್ಟೇ ಇದೆಯಲ್ಲ ಮೇಡಂ, ಹಾಗಾದರೆ ಬಡ್ಡಿ ಏರಿದ್ದು ನಮಗೆ ತಟ್ಟಿಲ್ಲ ಅಲ್ಲವೇ?" ಕೋವಿಡ್ ನಂತರದ ವರ್ಷಗಳಲ್ಲಿ ಗೃಹಸಾಲದ ವಿಚಾರಕ್ಕೆ ನನ್ನೆದುರು ಬಂದು ಕುಳಿತವರ ಬಾಯಲ್ಲಿ ಇಷ್ಟು ಸಲ ಕೇಳಿದ ಮಾತು ಬೇರೆ ಇಲ್ಲ. ಶಿಕ್ಷಕರು ಕೇಳುತ್ತಾರೆ, ಬಸ್ ಕಂಡಕ್ಟರ್ ಕೇಳುತ್ತಾರೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುವವರೂ ಕೇಳಿದ್ದಾರೆ. ಲೆಕ್ಕ ಬಾರದೆ ಹುಟ್ಟುವ ಪ್ರಶ್ನೆ ಇದಲ್ಲ. ತಿಂಗಳಿಗೊಮ್ಮೆ ಖಾತೆಯಿಂದ ಹೋಗುವ ಮೊತ್ತವೇ ಸಾಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆ ಮೊತ್ತ ಅಲುಗಾಡದಿದ್ದರೆ ಮನಸ್ಸೂ ಅಲುಗಾಡುವುದಿಲ್ಲ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ದುಡಿದು, ಈಗ ದಾವಣಗೆರೆಯಲ್ಲಿ ಸಾಲಗಾರ ಕುಟುಂಬಗಳಿಗೆ ಸಲಹೆ ಕೊಡುತ್ತಿರುವವಳು ನಾನು. ಈ ಒಂದು ತಪ್ಪು ತಿಳಿವಳಿಕೆ ಎಷ್ಟು ಮನೆಗಳ ನಾಳೆಯನ್ನು ತಿನ್ನುತ್ತಿದೆ ಎಂಬುದನ್ನು ನೋಡಿ ನೋಡಿ ನನ್ನ ತಾಳ್ಮೆ ತೀರಿದೆ. ಆದ್ದರಿಂದ ಇವತ್ತು ಇದೊಂದನ್ನೇ ಬರೆಯುತ್ತೇನೆ. ಮೊದಲು ಒಂದು ಮಾತು: ರೆಪೊ ದರ ಎಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬಡ್ಡಿದರ.

ನಡೆದದ್ದು ಇಷ್ಟು. ಸಾಂಕ್ರಾಮಿಕದ ಹೊಡೆತಕ್ಕೆ ಸಿಕ್ಕ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಲು ರಿಸರ್ವ್ ಬ್ಯಾಂಕ್ 2020ರ ಮೇ ತಿಂಗಳಲ್ಲಿ ರೆಪೊ ದರವನ್ನು ಶೇ 4ಕ್ಕೆ ಇಳಿಸಿತು. ಎರಡು ವರ್ಷ ಅದು ಅಲ್ಲೇ ಇತ್ತು. ಬ್ಯಾಂಕುಗಳಲ್ಲಿ ಶೇ 7ರ ಆಸುಪಾಸಿನ ಬಡ್ಡಿಗೆ ಗೃಹಸಾಲ ಸಿಕ್ಕ ಕಾಲ ಅದು. ನಮ್ಮ ಊರಿನಲ್ಲೂ ಬಹಳ ಮಂದಿ ಮನೆ ಕಟ್ಟಿದರು. ಆಮೇಲೆ ಅಡುಗೆ ಎಣ್ಣೆಯಿಂದ ಹಿಡಿದು ಸಿಮೆಂಟಿನವರೆಗೆ ಬೆಲೆ ಏರಿತು. ಉಕ್ರೇನ್ ಯುದ್ಧ ಅದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79 ಮುಟ್ಟಿತು. ಮೇ 4ರಂದು, ಸಭೆಗೆ ನಿಗದಿಯಾಗಿದ್ದ ದಿನವೂ ಅಲ್ಲದ ದಿನ, ರಿಸರ್ವ್ ಬ್ಯಾಂಕ್ ದರ ಏರಿಸಲು ಶುರು ಮಾಡಿತು. 2023ರ ಫೆಬ್ರುವರಿ ಹೊತ್ತಿಗೆ ರೆಪೊ ದರ ಶೇ 6.50 ಆಗಿತ್ತು. 2019ರ ಅಕ್ಟೋಬರ್‌ನಿಂದ ಈಚೆಗೆ ಬ್ಯಾಂಕುಗಳು ಬದಲಾಗುವ ಬಡ್ಡಿಗೆ ಕೊಟ್ಟ ಗೃಹಸಾಲಗಳಲ್ಲಿ ಹೆಚ್ಚಿನವು ರೆಪೊ ದರಕ್ಕೆ ನೇರವಾಗಿ ಜೋಡಣೆಯಾದವು. ಅಂದರೆ ಒಂಬತ್ತು ತಿಂಗಳಲ್ಲಿ ಏರಿದ ಎರಡೂವರೆ ಶೇಕಡಾ ಅಂಶವೂ ಗ್ರಾಹಕರ ಮೇಲೆ ಪೂರ್ತಿ ಬಿತ್ತು.

ಆದರೂ ಬಹಳ ಜನರ ಕಂತು ಏರಲಿಲ್ಲ. ಬ್ಯಾಂಕುಗಳು ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಉದ್ದ ಮಾಡಿದವು. ಒಂದು ಎಸ್‌ಎಂಎಸ್ ಬಂದಿರುತ್ತದೆ, ಇಂಗ್ಲಿಷಿನಲ್ಲಿ, ಜಾಹೀರಾತು ಸಂದೇಶಗಳ ನಡುವೆ. ಅದನ್ನು ಓದಿದ್ದೇನೆ ಎಂದವರು ನನಗೆ ಸಿಕ್ಕಿದ್ದು ತೀರ ವಿರಳ. ಇಂಥ ಸಂದೇಶವನ್ನು ಗ್ರಾಹಕರ ಭಾಷೆಯಲ್ಲಿ, ಅವಧಿ ಎಷ್ಟು ತಿಂಗಳು ಹೆಚ್ಚಾಯಿತು ಎಂದು ಅಂಕಿಯಲ್ಲಿ ಬರೆದು ಕಳಿಸುವುದಕ್ಕೆ ಏನು ಕಷ್ಟವೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ಒಬ್ಬರ ಲೆಕ್ಕ ನೋಡಿ. ಗುರುತು ಸಿಗದಂತೆ ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಅವರು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು. 2022ರ ಮಧ್ಯದಲ್ಲಿ ಅವರ ವಯಸ್ಸು 48, ಉಳಿದ ಅಸಲು 15 ಲಕ್ಷ ರೂಪಾಯಿ, ಉಳಿದ ಅವಧಿ 12 ವರ್ಷ. ಶೇ 7ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 15,430 ರೂಪಾಯಿ. ನಿವೃತ್ತಿಯ ದಿನವೇ ಸಾಲವೂ ತೀರಬೇಕೆಂದು ಹೊಂದಿಸಿಕೊಂಡಿದ್ದರು, ಅದು ಒಳ್ಳೆಯ ಯೋಜನೆ. ಬಡ್ಡಿ ಶೇ 9.5 ಆಯಿತು, ಕಂತು ಅಷ್ಟೇ ಉಳಿಯಿತು. 144 ತಿಂಗಳಲ್ಲಿ ತೀರಬೇಕಾಗಿದ್ದ ಸಾಲಕ್ಕೆ ಸುಮಾರು 187 ತಿಂಗಳು ಬೇಕಾಯಿತು. ಹೆಚ್ಚುವರಿಯಾಗಿ ಕಟ್ಟಬೇಕಾದದ್ದು ಸುಮಾರು ಆರೂವರೆ ಲಕ್ಷ ರೂಪಾಯಿ. ಅದನ್ನು ಕಟ್ಟಬೇಕಾದದ್ದು ಯಾವಾಗ? ಅರವತ್ತು ದಾಟಿದ ಮೇಲಿನ ಮೂರೂವರೆ ವರ್ಷದಲ್ಲಿ, ಸಂಬಳ ನಿಂತ ಮೇಲೆ. ಅವರು 2006ರ ಏಪ್ರಿಲ್ ನಂತರ ಸೇವೆಗೆ ಸೇರಿದವರು, ಅಂದರೆ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನವರು. ಹಳೆಯ ಪಿಂಚಣಿಯಂತೆ ತಿಂಗಳಿಗೆ ಇಷ್ಟು ಎಂಬ ಖಾತರಿ ಅವರಿಗಿಲ್ಲ.

ಬಡ್ಡಿ ಏರಿದಾಗಲೇ ಅವರು ಕಂತನ್ನು ಸುಮಾರು 2,070 ರೂಪಾಯಿ ಹೆಚ್ಚಿಸಿಕೊಂಡಿದ್ದರೆ ಸಾಲ ಅರವತ್ತಕ್ಕೇ ತೀರುತ್ತಿತ್ತು. ಪೂರ್ತಿ ಅವಧಿಗೆ ಆ ಹೆಚ್ಚಳ ಸುಮಾರು ಮೂರು ಲಕ್ಷ ರೂಪಾಯಿ. ಆರೂವರೆ ಲಕ್ಷ ಒಂದು ಕಡೆ, ಮೂರು ಲಕ್ಷ ಇನ್ನೊಂದು ಕಡೆ. ಈ ಎರಡರ ನಡುವಿನ ಆಯ್ಕೆ ತಮ್ಮ ಕೈಯಲ್ಲಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದಾಗ ಅವರು ಮೊದಲು ನೋಡಿದ್ದು ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಮುಖವನ್ನು. ಮಗಳ ಮದುವೆಗೆಂದು ಆ ತಾಯಿ ಚೀಟಿ ಕಟ್ಟುತ್ತಿದ್ದರು. ಆ ಚೀಟಿಯ ಹಣವನ್ನು ಸಾಲಕ್ಕೆ ಹಾಕಬಹುದೇ ಎಂದು ಅವರೇ ಕೇಳಿದರು. ಬೇಡ ಎಂದೆ. ಅದಕ್ಕೆ ಬೇರೆ ದಾರಿ ಇತ್ತು, ಮುಂದೆ ಹೇಳುತ್ತೇನೆ.

ಹೊಸದಾಗಿ ಸಾಲ ತೆಗೆದವರ ಸ್ಥಿತಿ ಇನ್ನೂ ಬಿಗಿ. 2022ರ ಆರಂಭದಲ್ಲಿ ಶೇ 7ರಂತೆ 20 ವರ್ಷಕ್ಕೆ 25 ಲಕ್ಷ ತೆಗೆದವರ ಕಂತು 19,382 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ, ಏರುತ್ತಾ ಹೋದ ಬಡ್ಡಿಯಿಂದಾಗಿ, ಉಳಿದ ಅಸಲು ಇನ್ನೂ 24.6 ಲಕ್ಷದ ಹತ್ತಿರ. ಅದರ ಮೇಲೆ ಶೇ 9.5ರಂತೆ ಒಂದು ತಿಂಗಳ ಬಡ್ಡಿಯೇ 19,475 ರೂಪಾಯಿ. ಕಟ್ಟುವ ಕಂತು ಬಡ್ಡಿಗೇ ಸಾಲದು. ಪ್ರತಿ ತಿಂಗಳು ಕಟ್ಟುತ್ತಿದ್ದರೂ ಅಸಲು ಮೇಲಕ್ಕೆ ಹೋಗುತ್ತದೆ. ಇಂಥ ಸಾಲಕ್ಕೆ ಕೊನೆಯೇ ಇಲ್ಲ. ಹೀಗಾದ ಕಡೆ ಕೆಲವು ಬ್ಯಾಂಕುಗಳು ಕಂತು ಏರಿಸಿದವು, ಕೆಲವು ಅವಧಿಯನ್ನೇ ಎಳೆಯುತ್ತಾ ಹೋದವು. ಈ ಕಾರಣಕ್ಕೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಬೇಕಾಯಿತು. ಅದರ ವಿಚಾರಕ್ಕೆ ಬರುತ್ತೇನೆ.

ಈ ತಪ್ಪು ತಿಳಿವಳಿಕೆಯ ಬೇರು 2020ರ ಮೊರಟೋರಿಯಂನಲ್ಲಿದೆ ಎಂಬುದು ನನ್ನ ಅನಿಸಿಕೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟರು. ಸಂಬಳ ನಿಂತವರಿಗೆ, ಅಂಗಡಿ ಮುಚ್ಚಿದವರಿಗೆ ಅದು ಉಸಿರು ಉಳಿಸಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಂಬಳ ಬರುತ್ತಿದ್ದವರೂ "ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ" ಎಂದು ತೆಗೆದುಕೊಂಡರು. ಕಂತು ನಿಂತಿತ್ತೇ ಹೊರತು ಬಡ್ಡಿ ನಿಂತಿರಲಿಲ್ಲ. 25 ಲಕ್ಷ ಅಸಲು, 19 ವರ್ಷ ಬಾಕಿ, ಶೇ 8ರ ಬಡ್ಡಿ ಎಂದಿಟ್ಟುಕೊಂಡರೆ ಆರು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಡ್ಡಿ ಅಸಲಿಗೆ ಸೇರಿತು. ದರವೂ ಕಂತೂ ಅಷ್ಟೇ ಉಳಿದಿದ್ದರೆ, ಆರು ಕಂತು ತಪ್ಪಿಸಿದ್ದಕ್ಕೆ ಒಟ್ಟು ಕಂತುಗಳ ಸಂಖ್ಯೆ ಇಪ್ಪತ್ತಮೂರಕ್ಕೂ ಹೆಚ್ಚು ಏರುತ್ತದೆ.

ಮುಂದೆ ಸುಪ್ರೀಂ ಕೋರ್ಟಿನ ಪ್ರಕರಣ. "ಕೋರ್ಟು ಬಡ್ಡಿ ಮನ್ನಾ ಮಾಡಿದೆ" ಎಂದು ಇವತ್ತಿಗೂ ನಂಬಿರುವವರು ಇದ್ದಾರೆ. ಮನ್ನಾ ಆದದ್ದು ಬಡ್ಡಿಯ ಮೇಲಿನ ಬಡ್ಡಿ ಮಾತ್ರ. 2020ರ ಕೊನೆಯಲ್ಲಿ ಎರಡು ಕೋಟಿವರೆಗಿನ ಸಾಲಗಳಿಗೆ ಕೇಂದ್ರ ಸರ್ಕಾರವೇ ಆ ವ್ಯತ್ಯಾಸವನ್ನು ತುಂಬಿಕೊಟ್ಟಿತು. 2021ರ ಮಾರ್ಚ್‌ನ ತೀರ್ಪು ಅದನ್ನು ಎಲ್ಲ ಸಾಲಗಾರರಿಗೂ ವಿಸ್ತರಿಸಿತು. ಮೇಲಿನ ಲೆಕ್ಕದಲ್ಲಿ ಆ ಮೊತ್ತ ಎಷ್ಟು ಗೊತ್ತೇ? ಸುಮಾರು 1,700 ರೂಪಾಯಿ. ಉಳಿದ ಒಂದು ಲಕ್ಷ ಗ್ರಾಹಕರ ತಲೆಯ ಮೇಲೇ ಇತ್ತು, ಈಗಲೂ ಇದೆ.

ನೀತಿಯ ದೃಷ್ಟಿಯಿಂದ ನೋಡಿದರೂ ಇದು ನನ್ನನ್ನು ಕಾಡುತ್ತದೆ. ಬೆಲೆ ಏರಿಕೆ ತಡೆಯಲು ಬಡ್ಡಿ ಏರಿಸುವುದರ ಉದ್ದೇಶವೇ ಜನ ಈಗ ಮಾಡುವ ಖರ್ಚು ಸ್ವಲ್ಪ ತಗ್ಗಲಿ ಎಂಬುದು. ಕಂತು ಬದಲಾಗದ ಮನೆಯಲ್ಲಿ ಈಗಿನ ಖರ್ಚು ತಗ್ಗುವುದು ಹೇಗೆ? ಭಾರವೆಲ್ಲ ಇಳಿವಯಸ್ಸಿಗೆ ಸರಿದಿದೆ. 2022ರಲ್ಲಿ ಸತತ ಮೂರು ತ್ರೈಮಾಸಿಕ ಹಣದುಬ್ಬರ ಶೇ 6ರ ಮಿತಿ ಮೀರಿ, ರಿಸರ್ವ್ ಬ್ಯಾಂಕ್ ಕಾನೂನಿನ ಪ್ರಕಾರ ಸರ್ಕಾರಕ್ಕೆ ಮೊದಲ ಬಾರಿ ವಿವರಣೆ ಕೊಡಬೇಕಾಯಿತು. ಅದಕ್ಕೆ ಹತ್ತಾರು ಕಾರಣಗಳಿವೆ, ಅವಧಿ ಎಳೆಯುವುದೇ ಕಾರಣ ಎಂದು ಹೇಳುವಷ್ಟು ಅರ್ಥಶಾಸ್ತ್ರ ನನ್ನದಲ್ಲ. ಮನೆಗಳ ಮಟ್ಟದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಸಾಂಕ್ರಾಮಿಕದ ವರ್ಷದಲ್ಲಿ ಜಿಡಿಪಿಯ ಶೇ 11ಕ್ಕಿಂತ ಹೆಚ್ಚಿದ್ದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022-23ರಲ್ಲಿ ಶೇ 5ರ ಆಸುಪಾಸಿಗೆ ಕುಸಿಯಿತು. ಜನ ಮನೆ, ವಾಹನ ಕೊಳ್ಳುತ್ತಿರುವುದೇ ಇದಕ್ಕೆ ಕಾರಣ ಎಂದು ಹಣಕಾಸು ಸಚಿವಾಲಯ ವಿವರಿಸಿತು. ಅದು ಸುಳ್ಳಲ್ಲ. ಆದರೆ ಆ ಮನೆ, ಆ ವಾಹನಗಳ ಸಾಲ ಯಾವಾಗ ತೀರುತ್ತದೆ ಎಂಬುದು ಕೊಂಡವರಿಗೇ ಗೊತ್ತಿಲ್ಲದಿದ್ದರೆ ಅದನ್ನು ಆಸ್ತಿ ಎಂದು ಸಮಾಧಾನ ಪಡುವುದು ಹೇಗೆ?

ಗೃಹಸಾಲವೇ ಇಲ್ಲದವರಲ್ಲೂ ಇದೇ ರೋಗ ಕಾಣುತ್ತೇನೆ. ಸಂಘದಲ್ಲಿ ಸಾಲ ತೆಗೆಯುವ ಹೆಣ್ಣುಮಕ್ಕಳು ಕೇಳುವುದು "ವಾರಕ್ಕೆ ಎಷ್ಟು ಕಟ್ಟಬೇಕು?" ಎಂದು. ಎಷ್ಟು ವಾರ, ಒಟ್ಟು ಎಷ್ಟು ಎಂದು ಕೇಳುವವರು ಅಪರೂಪ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಕಂತಿಗೆ ಹೋಗಿಬಿಡುವ ಮನೆಗಳನ್ನು ಬಲ್ಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಬೇರೆ ದಾರಿ ಇಲ್ಲದವರು ಅವರು. ನನ್ನ ಸಿಟ್ಟು ಸ್ಲಿಪ್ ಕೊಡುವಾಗ ಒಟ್ಟು ಮೊತ್ತ ಹೇಳದೆ ವಾರದ ಮೊತ್ತ ಮಾತ್ರ ಹೇಳಿ ಹೋಗುವವರ ಮೇಲೆ.

ಈಗ ದರ ಇಳಿದಿದೆ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ 6.50ರಿಂದ ಶೇ 5.25ಕ್ಕೆ ಬಂದಿದೆ. ಹೊಸ ಪ್ರಶ್ನೆ ಶುರುವಾಗಿದೆ: "ದರ ಇಳಿದರೂ ನಮ್ಮ ಕಂತು ಯಾಕೆ ಇಳಿದಿಲ್ಲ?" ದಯವಿಟ್ಟು ಬ್ಯಾಂಕಿಗೆ ಹೋಗಿ ಕಂತು ಇಳಿಸಿ ಎಂದು ಅರ್ಜಿ ಕೊಡಬೇಡಿ. ಏರಿದಾಗ ಉದ್ದವಾದ ಅವಧಿ ಇಳಿದಾಗ ಗಿಡ್ಡವಾಗಬೇಕು. ಕಂತು ಇಳಿಸಿಕೊಂಡರೆ ಆ ಉದ್ದ ನಿಮಗೆ ಶಾಶ್ವತ. ಆ ಶಿಕ್ಷಕರ ವಿಷಯದಲ್ಲಿ ಲೆಕ್ಕ ಸರಿಸುಮಾರು ಹೀಗೆ: ಬಡ್ಡಿ ಶೇ 8.25ಕ್ಕೆ ಇಳಿದರೆ, ಕಂತು ಇಳಿಸಿಕೊಂಡಾಗ ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ, ಸಾಲ ಮಾತ್ರ ಅರವತ್ತಮೂರೂವರೆಗೇ ತೀರುತ್ತದೆ. ಕಂತು ಹಾಗೆಯೇ ಇಟ್ಟುಕೊಂಡರೆ ಹದಿನೇಳು ತಿಂಗಳು ಮೊದಲೇ ತೀರುತ್ತದೆ. ಅವರು ಕಂತು ಹಾಗೆಯೇ ಇಟ್ಟುಕೊಂಡು, ಮುಂದೆ ವೇತನ ಬಡ್ತಿ ಬಂದಾಗಲೆಲ್ಲ ಅದರ ಒಂದು ಭಾಗ ಸೇರಿಸಿ ಅರವತ್ತಕ್ಕೇ ಮುಗಿಸಲು ನಿರ್ಧರಿಸಿದರು. ಚೀಟಿ ಮುಟ್ಟಲಿಲ್ಲ.

ಇಲ್ಲಿ ಎಚ್ಚರಿಕೆಯ ಮಾತು ಹೇಳಲೇಬೇಕು. ನಿಮ್ಮ ಒಪ್ಪಂದಪತ್ರವನ್ನು ನಾನು ನೋಡಿಲ್ಲ. ಸ್ಥಿರ ಬಡ್ಡಿಯ ಸಾಲಕ್ಕೆ ಇದು ಅನ್ವಯಿಸುವುದಿಲ್ಲ. ವಸತಿ ಹಣಕಾಸು ಕಂಪನಿಗಳ ಸಾಲ ರೆಪೊ ದರದ ಜೊತೆ ತಾನಾಗಿ ಇಳಿಯಬೇಕೆಂದಿಲ್ಲ, ಅಲ್ಲಿ ಕೇಳಿಯೇ ಇಳಿಸಿಕೊಳ್ಳಬೇಕಾಗಬಹುದು. 2019ಕ್ಕಿಂತ ಹಿಂದಿನ ಬ್ಯಾಂಕ್ ಸಾಲವಾದರೆ ಅದು ಹಳೆಯ ಪದ್ಧತಿಯಲ್ಲೇ ಉಳಿದಿದೆಯೇ ಎಂದು ವಿಚಾರಿಸಿ, ರೆಪೊಗೆ ಬದಲಾಯಿಸಿಕೊಳ್ಳಲು ತಗಲುವ ಶುಲ್ಕ ಕೇಳಿ, ಆಮೇಲೆ ನಿರ್ಧರಿಸಿ. ಕೆಲವು ತಿಂಗಳ ಮನೆಖರ್ಚು ಕೈಯಲ್ಲಿಲ್ಲದವರು ಮುಂಗಡ ಪಾವತಿಗೆ ಕೈ ಹಾಕಬೇಡಿ. ಚಿನ್ನದ ಸಾಲ, ವೈಯಕ್ತಿಕ ಸಾಲ ಇದ್ದರೆ ದುಬಾರಿ ಬಡ್ಡಿಯದ್ದನ್ನು ಮೊದಲು ತೀರಿಸಿ. ತಿಂಗಳಿಗೆ ಒಂದು ಸಾವಿರ ಉಳಿದರೆ ಮಕ್ಕಳ ಶಾಲೆಯ ಶುಲ್ಕಕ್ಕೆ ಆಧಾರವಾಗುತ್ತದೆ ಎಂಬ ಸ್ಥಿತಿ ಇದ್ದರೆ ಸಂಕೋಚವಿಲ್ಲದೆ ಕಂತು ಇಳಿಸಿಕೊಳ್ಳಿ. ಲೆಕ್ಕ ತಿಳಿದು ಮಾಡಿದ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ.

2023ರ ಆ ಸುತ್ತೋಲೆ ನಿಮ್ಮ ಪರವಾಗಿದೆ. ಬಡ್ಡಿ ಬದಲಾದಾಗ ಕಂತು ಏರಿಸಬೇಕೇ, ಅವಧಿ ಹೆಚ್ಚಿಸಬೇಕೇ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೇ ಎಂಬ ಆಯ್ಕೆಯನ್ನು ಬ್ಯಾಂಕ್ ನಿಮಗೆ ಕೊಡಬೇಕು. ಅವಧಿ ಹೆಚ್ಚಿಸುವಾಗ ಕಂತು ಬಡ್ಡಿಗೂ ಸಾಲದ ಸ್ಥಿತಿ ಬರಬಾರದು. ಮೂರು ತಿಂಗಳಿಗೊಮ್ಮೆ, ಈವರೆಗೆ ಸಂದಾಯವಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿದರ ಇವಿಷ್ಟೂ ಇರುವ ವಿವರಣೆಯನ್ನು ಸರಳವಾಗಿ ಕೊಡಬೇಕು. ವ್ಯಕ್ತಿಗಳು ಸ್ವಂತ ಮನೆಗೆ ಪಡೆದ ಬದಲಾಗುವ ಬಡ್ಡಿಯ ಸಾಲಕ್ಕೆ ಮುಂಗಡ ಪಾವತಿ ದಂಡವೂ ಇಲ್ಲ.

ಶಾಖೆಗೆ ಹೋದಾಗ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಒಂದು ಪುಟದ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಸಾಲದ ಖಾತೆ ಸಂಖ್ಯೆ, 2022ರ ಏಪ್ರಿಲ್‌ನಲ್ಲಿ ಉಳಿದಿದ್ದ ಕಂತುಗಳು, ಇವತ್ತು ಉಳಿದಿರುವ ಕಂತುಗಳು ಎಷ್ಟು ಎಂದು ಕೇಳಿ. ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದೂರು ಸಲ್ಲಿಸುವ ಬಗೆ ತಿಳಿಯುತ್ತದೆ. ಮೊಹರು ಬಿದ್ದ ಆ ನಕಲನ್ನು ದೂರಿನ ಜೊತೆ ಲಗತ್ತಿಸಿ.