ಅವಕೆಂಪು: ಬೇವಿನ ಮರ ಬೆಳ್ಳಗೆ ಕಾಣುವ ಬೆಳಕು

ಲಕ್ಕುಂಡಿಯ ಗುಡಿಯೊಂದರ ಹತ್ತಿರದ ಬೇವಿನ ಮರದ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮರದ ಎಲೆಯೆಲ್ಲ ಬೆಳ್ಳಗೆ, ಮೇಲಿನ ಆಕಾಶ ಇದ್ದಿಲಿನಷ್ಟು ಕಪ್ಪು. ಗುಡಿಯ ಕಲ್ಲು ಮಾತ್ರ ಇದ್ದ ಹಾಗೇ ಇತ್ತು. ಗದಗಿನಿಂದ ಕಾಕಾ ಒಂದೇ ಸಾಲು ಬರೆದರು: “ಏನಪಾ, ಗಿಡಕ್ಕ ಸುಣ್ಣಾ ಹಚ್ಚ್ಯಾರೇನು?” ಇದು ಇನ್‌ಫ್ರಾರೆಡ್ ಫೋಟೋ ಕಾಕಾ ಎಂದೆ. “ಅಂದ್ರ?” ಎಂದರು. ಆ ‘ಅಂದ್ರ’ಕ್ಕೆ ಮೊಬೈಲಿನಲ್ಲಿ ಬೆರಳೊತ್ತಿ ಉತ್ತರ ಬರೆಯುವುದು ನನ್ನಿಂದ ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದ. ಇನ್‌ಫ್ರಾರೆಡ್‌ಗೆ ಕನ್ನಡದಲ್ಲಿ ಎರಡು ಹೆಸರು ಓಡಾಡುತ್ತವೆ: ಅವಕೆಂಪು ಮತ್ತು ಅತಿಗೆಂಪು. ಲ್ಯಾಟಿನ್ ಭಾಷೆಯ ‘ಇನ್‌ಫ್ರಾ’ ಎಂದರೆ ಕೆಳಗೆ. ಬೆಳಕು ಅಲೆ ಅಲೆಯಾಗಿ ಬರುತ್ತದಲ್ಲ, ಆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕದಲ್ಲಿ ಇದು ಕೆಂಪಿಗಿಂತ ಕೆಳಗೆ. ಅದಕ್ಕೇ ‘ಅವ’. ಅಲೆಯ ಉದ್ದ ಅಳೆದರೆ ಕೆಂಪಿಗಿಂತ ಜಾಸ್ತಿ. ಹಾಗಾಗಿ ‘ಅತಿ’ ಎಂದವರದ್ದೂ ತಪ್ಪಲ್ಲ. ನನ್ನ ತಕರಾರು ಬೇರೆ. ಅತಿಗೆಂಪು ಎಂದು ಕೇಳಿದ ಕೂಡಲೇ ಬ್ಯಾಡಗಿ ಮೆಣಸಿನಕಾಯಿಯನ್ನೂ ಮೀರಿಸುವ ಕೆಂಪು ಕಣ್ಣ ಮುಂದೆ ಬರುತ್ತದೆ. ನಿಜಕ್ಕೂ ಈ ಬೆಳಕಿಗೆ ಬಣ್ಣವೇ ಇಲ್ಲ. ಬಣ್ಣ ಎನ್ನುವುದು ನಮ್ಮ ಕಣ್ಣು, ಮಿದುಳು ಸೇರಿ ಮಾಡಿಕೊಂಡ ಏರ್ಪಾಡು. ಕಣ್ಣಿಗೇ ಕಾಣದ ಬೆಳಕಿಗೆ ಬಣ್ಣ ಎಲ್ಲಿಂದ ಬರಬೇಕು? ಅದಕ್ಕೆ ನಾನು ಅವಕೆಂಪು ಎಂದೇ ಬರೆಯುತ್ತೇನೆ.

ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದದ ಅಲೆಗಳು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದರೆ ಒಂದು ನ್ಯಾನೋಮೀಟರ್. 400ರ ಕಡೆ ನೇರಳೆ, 700ರ ಕಡೆ ಕೆಂಪು. ಅಲ್ಲಿಂದ ಆಚೆ ಒಂದು ಮಿಲಿಮೀಟರ್‌ವರೆಗೂ ಅವಕೆಂಪಿನ ಸೀಮೆ. ಬಹಳ ದೊಡ್ಡದು. ಅದರಲ್ಲಿ ನಮ್ಮ ಕ್ಯಾಮೆರಾಕ್ಕೆ ಸಿಗುವುದು ಬೇಲಿಗೆ ಹತ್ತಿದ ಒಂದು ಪಟ್ಟಿ ಮಾತ್ರ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಸಿಲಿಕಾನ್‌ನದು. ಅದು ಸುಮಾರು 1,100 ನ್ಯಾನೋಮೀಟರ್ ದಾಟಿದ ಬೆಳಕನ್ನು ಹಿಡಿಯುವುದಿಲ್ಲ.

ಜನ ಎಡವುವುದು ಇಲ್ಲೇ. ಅವಕೆಂಪು ಎಂದರೆ ಶಾಖ, ಅವಕೆಂಪು ಫೋಟೋ ಎಂದರೆ ಬಿಸಿ ಇರುವುದು ಹೊಳೆಯುವ ಫೋಟೋ ಎಂದುಕೊಳ್ಳುತ್ತಾರೆ. ಇದಕ್ಕೆ ಹಳೆಯ ಕಾರಣವೂ ಇದೆ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಬಿದ್ದ ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಇವನೇ. ಕೆಂಪಿನ ಅಂಚು ದಾಟಿ, ಯಾವ ಬಣ್ಣವೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರ್ ಇನ್ನೂ ಮೇಲಕ್ಕೆ ಏರಿತು. ಕಾಣದ ಬೆಳಕು ಹೀಗೆ ಶಾಖದ ಮೂಲಕವೇ ಮೊದಲು ಸಿಕ್ಕಿಬಿದ್ದಿತು. ಆದರೆ ವಸ್ತುವಿನ ಬಿಸಿ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿಯುವುದು 8,000ದಿಂದ 14,000 ನ್ಯಾನೋಮೀಟರ್ ಆಸುಪಾಸಿನ ಅಲೆಗಳನ್ನು. ಆ ಅಲೆಗಳು ಮಾಮೂಲಿ ಗಾಜನ್ನು ದಾಟುವುದೇ ಇಲ್ಲ. ಅದರ ಲೆನ್ಸನ್ನು ಜರ್ಮೇನಿಯಂನಂಥ ವಸ್ತುವಿನಿಂದ ಮಾಡುತ್ತಾರೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಕಾದು ಕೆಂಡವಾದ ತಗಡಿನ ಶೀಟು ನಮ್ಮ ಫೋಟೋದಲ್ಲಿ ಆ ಕಾವಿನಿಂದ ಹೊಳೆಯುವುದಿಲ್ಲ. ನಾವು ಹಿಡಿಯುವುದು ಸೂರ್ಯನಿಂದ ಬಂದು, ವಸ್ತುವಿಗೆ ಬಡಿದು ವಾಪಸು ಬರುವ ಬೆಳಕನ್ನು.

ಹಾಗಾದರೆ ಎಲೆ ಏಕೆ ಬೆಳ್ಳಗೆ? ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಕೆಂಪು, ನೀಲಿ ಬೆಳಕನ್ನು ಹೀರಿಕೊಂಡು ಅಡುಗೆ ಮಾಡಿಕೊಳ್ಳುತ್ತದೆ. ಅವಕೆಂಪು ಅದಕ್ಕೆ ಬೇಡ. ಆ ಬೆಳಕು ಎಲೆಯ ಒಳಗೆ ಹೋಗಿ, ಜೀವಕೋಶ ಮತ್ತು ಗಾಳಿಯ ಸಂದುಗಳ ನಡುವೆ ಅತ್ತಿತ್ತ ಬಡಿದು, ಬಹುಪಾಲು ಹೊರಗೆ ಬಂದುಬಿಡುತ್ತದೆ. ಅಂದರೆ ಬೇವಿನ ಎಲೆ ಯಾವಾಗಲೂ ಇಷ್ಟು ಹೊಳೆಯುತ್ತಲೇ ಇರುತ್ತದೆ, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಇದಕ್ಕೆ ‘ವುಡ್ ಎಫೆಕ್ಟ್’ ಎನ್ನುತ್ತಾರೆ. ಮರದ ಫೋಟೋ ಎಂದು ಬಂದ ಹೆಸರಲ್ಲ! 1910ರಲ್ಲಿ ಇಂಥ ಫೋಟೋಗಳನ್ನು ಪ್ರಕಟಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್‌ನಿಂದ ಬಂದದ್ದು. ಆಕಾಶದ್ದು ಇದಕ್ಕೆ ಉಲ್ಟಾ. ಗಾಳಿಯ ಕಣಗಳು ಚಿಕ್ಕ ಅಲೆಯ ನೀಲಿಯನ್ನು ಜಾಸ್ತಿ ಚದುರಿಸುತ್ತವೆ, ಉದ್ದ ಅಲೆಯ ಅವಕೆಂಪನ್ನು ತೀರಾ ಕಡಿಮೆ. ಆಕಾಶದ ಕಡೆಯಿಂದ ಬೆಳಕೇ ಬರದಿದ್ದರೆ ಕಪ್ಪು ಕಾಣುವುದು ಸಹಜ. ನೀರು ಈ ಬೆಳಕನ್ನು ಹೀರುತ್ತದೆ. ಕರೀ ಆಕಾಶದ ನೆರಳು ಬೇರೆ ಬೀಳುತ್ತದೆ. ಹೀಗಾಗಿ ಉಣಕಲ್ ಕೆರೆ ಕೂಡ ಶಾಯಿ ಚೆಲ್ಲಿದ ಹಾಗೆ ಕಾಣುತ್ತದೆ. ಮೋಡ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಇದೇ ಗುಣವನ್ನು ಉಪಗ್ರಹಗಳೂ ಬಳಸುತ್ತವೆ. 1988ರ ಮಾರ್ಚ್‌ನಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲೇ ಹತ್ತಿರದ ಅವಕೆಂಪಿಗೆ ಒಂದು ಕಿಂಡಿ ಇತ್ತು. ಹಸನಾಗಿ ಬೆಳೆದ ಎಲೆ ಕೆಂಪನ್ನು ನುಂಗಿ ಅವಕೆಂಪನ್ನು ಉಗುಳುತ್ತದೆ. ಎರಡರ ನಡುವಿನ ಅಂತರ ಅಳೆದರೆ ಹೊಲದ ಹಸಿರು ಹೇಗಿದೆ ಎಂಬ ಅಂದಾಜು ಸಿಗುತ್ತದೆ. ಅಂಥ ಚಿತ್ರಗಳಲ್ಲಿ ಬೆಳೆಯನ್ನು ಕಡುಕೆಂಪಾಗಿ ತೋರಿಸುವುದು ರೂಢಿ. ಕಾಣದ ಬೆಳಕಿಗೆ ಯಾವುದೋ ಒಂದು ಬಣ್ಣ ಕೊಡಬೇಕಲ್ಲ, ಕೆಂಪು ಕೊಟ್ಟರು. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ನಿಮ್ಮ ಕ್ಯಾಮೆರಾಕ್ಕೆ ಅವಕೆಂಪು ಕಾಣುತ್ತದೆಯೇ? ಟಿವಿ ರಿಮೋಟ್ ತೆಗೆದುಕೊಳ್ಳಿ. ಅದರ ಮೂತಿಯನ್ನು ಲೆನ್ಸ್ ಕಡೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ಬೆಳ್ಳಗೋ ನೇರಳೆಯಾಗಿಯೋ ಒಂದು ಚುಕ್ಕೆ ಮಿನುಗಿದರೆ ಕಾಣುತ್ತದೆ ಎಂದರ್ಥ. ಮೊಬೈಲಿನಲ್ಲಾದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಹಿಂದಿನದಕ್ಕಿಂತ ಅದರಲ್ಲಿ ಕಾಣುವ ಸಾಧ್ಯತೆ ಜಾಸ್ತಿ. ಚುಕ್ಕೆ ತೀರಾ ಮಂಕಾಗಿದ್ದರೂ ಚಿಂತೆಯಿಲ್ಲ. ಹೆಚ್ಚು ಹೊತ್ತು ಕಾಯಬೇಕು, ಅಷ್ಟೇ.

ಮಂಕಾಗಲು ಕಾರಣ ಕ್ಯಾಮೆರಾ ಮಾಡಿದವರೇ. ಸೆನ್ಸರ್ ಎದುರಿಗೆ ಅವರು ಒಂದು ಗಾಜಿನ ತಡೆ ಇಡುತ್ತಾರೆ. ಹಾಟ್ ಮಿರರ್ ಎನ್ನುವುದು ಅದನ್ನೇ. ಅದಿಲ್ಲದಿದ್ದರೆ ಅವಕೆಂಪು ಒಳಗೆ ನುಗ್ಗಿ ಎಲ್ಲ ಬಣ್ಣವನ್ನೂ ಕೆಡಿಸುತ್ತದೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾದಲ್ಲಿ ಈ ತಡೆ ತೆಳುವಾಗಿತ್ತು. ಕರೀ ಸಿಂಥೆಟಿಕ್ ಬಟ್ಟೆಗಳು ಫೋಟೋದಲ್ಲಿ ನೇರಳೆಗೆ ತಿರುಗಿದವು. ಕಂಪನಿ ಕೊನೆಗೆ ಲೆನ್ಸಿಗೆ ಹಾಕಿಕೊಳ್ಳುವ ಫಿಲ್ಟರ್ ಕೊಡಬೇಕಾಯಿತು. ನಿಕಾನ್ ಡಿ70ಯಂಥ ಹಳೆಯ ಕ್ಯಾಮೆರಾಗಳಲ್ಲೂ ತಡೆ ಅಷ್ಟು ಬಿಗಿಯಿಲ್ಲ. ಬೇರೆಯವರಿಗೆ ಕೊರತೆಯಾದದ್ದು ನಮಗೆ ಅನುಕೂಲ. ಮನೆಯ ಕಪಾಟಿನಲ್ಲಿ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬಿದ್ದಿದ್ದರೆ ಮಾರಬೇಡಿ.

ಶುರು ಮಾಡಲು ಬೇಕಾದದ್ದು ಎರಡೇ ವಸ್ತು: 720 ನ್ಯಾನೋಮೀಟರ್ ಫಿಲ್ಟರ್ ಮತ್ತು ಅಲುಗದ ಟ್ರೈಪಾಡ್. ಲೆನ್ಸಿನ ಮುಂದೆ ಹಾಕುವ ಈ ಫಿಲ್ಟರ್ ಕಣ್ಣಿಗೆ ಕಾಣುವ ಬೆಳಕನ್ನು ತಡೆದು, ಸುಮಾರು 720ರಿಂದ ಆಚೆಯ ಅವಕೆಂಪನ್ನು ಮಾತ್ರ ಒಳಗೆ ಬಿಡುತ್ತದೆ. ಹೋಯಾ ಆರ್72 ಈ ಫಿಲ್ಟರ್‌ಗಳಲ್ಲಿ ಹೆಸರಾದದ್ದು. ಕಣ್ಣಿಗೆ ಅದು ಬರೀ ಕರೀ ಗಾಜು. ಒಂದು ಎಚ್ಚರಿಕೆ: ಕಪ್ಪಗಿದೆ ಎಂದು ಅದರ ಮೂಲಕ ಸೂರ್ಯನನ್ನು ನೋಡಬೇಡಿ. ಅವಕೆಂಪು ಪೂರಾ ಒಳಗೆ ಬರುತ್ತದೆ, ಕಣ್ಣಿಗೆ ಕತ್ತಲೆನಿಸುವುದರಿಂದ ರೆಪ್ಪೆಯೂ ಮುಚ್ಚುವುದಿಲ್ಲ. ಕಣ್ಣು ಹಾಳಾಗುತ್ತದೆ.

ನನ್ನ ಮೊದಲ ಪ್ರಯತ್ನ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ. ಫಿಲ್ಟರ್ ಹಾಕಿದೆ, ಕಿಂಡಿಯಲ್ಲಿ ಕಣ್ಣಿಟ್ಟೆ, ಏನೂ ಕಾಣಲಿಲ್ಲ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಾಣುವುದು ನಮ್ಮ ಕಣ್ಣಿನ ಬೆಳಕು, ಅದನ್ನೇ ಫಿಲ್ಟರ್ ತಡೆದಿತ್ತು. ಅಂದಾಜಿನ ಮೇಲೆ ತೆಗೆದ ಹನ್ನೆರಡು ಫೋಟೋಗಳೂ ಮಸುಕು. ಮೊದಲು ಫಿಲ್ಟರ್ ಇಲ್ಲದೆ ಚೌಕಟ್ಟು ಕೂಡಿಸಿ, ಫೋಕಸ್ ಮಾಡಿ, ಆಟೋ ಫೋಕಸ್ ಬಂದ್ ಮಾಡಿ, ಆಮೇಲೆ ಮೆಲ್ಲಗೆ ಫಿಲ್ಟರ್ ತಿರುಗಿಸಬೇಕು ಎಂದು ಗೊತ್ತಾದದ್ದು ಮನೆಗೆ ಬಂದ ಮೇಲೆ. ಅಷ್ಟು ಮಾಡಿದರೂ ಚೂರು ವ್ಯತ್ಯಾಸ ಉಳಿಯುತ್ತದೆ. ಲೆನ್ಸ್ ಅವಕೆಂಪನ್ನು ಸ್ವಲ್ಪ ಹಿಂದಕ್ಕೆ ಕೂಡಿಸುತ್ತದೆ. ಹಳೆಯ ಲೆನ್ಸ್‌ಗಳ ಮೇಲೆ ಒಂದು ಕೆಂಪು ಗುರುತು ಇರುತ್ತದಲ್ಲ, ಅದು ಇದಕ್ಕೇ ಇರುವುದು. ಅದಿಲ್ಲದಿದ್ದರೆ ಲೆನ್ಸಿನ ಬಾಯಿ ಕಿರಿದು ಮಾಡಿ ಎಫ್ 8 ಅಥವಾ ಎಫ್ 11 ಇಟ್ಟುಕೊಂಡರೆ ತಪ್ಪು ಬಹಳಷ್ಟು ಮುಚ್ಚಿಹೋಗುತ್ತದೆ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ಗೋಳು ಕಡಿಮೆ. ಸೆನ್ಸರ್ ಕಂಡದ್ದನ್ನೇ ಪರದೆ ತೋರಿಸುತ್ತದೆ.

ಸಮಯ ಎಷ್ಟು ಬೇಕು? ನನ್ನ ಕ್ಯಾಮೆರಾಕ್ಕೆ ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬ ಅಂಕಿ) 400, ಎಫ್ 8 ಇಟ್ಟರೆ ಹದಿನೈದು ಸೆಕೆಂಡು. ನಿಮ್ಮದಕ್ಕೆ ಒಂದು ಸೆಕೆಂಡು ಸಾಕಾಗಬಹುದು, ಅರ್ಧ ನಿಮಿಷವೂ ಬೇಕಾಗಬಹುದು. ನಾಲ್ಕಾರು ಸಲ ತೆಗೆದು ನೋಡಿ ನಿಮ್ಮ ಲೆಕ್ಕ ಕಂಡುಕೊಳ್ಳಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಮುಚ್ಚುವುದು ಮರೆಯಬೇಡಿ, ಅಷ್ಟು ಹೊತ್ತು ತೆರೆದಿದ್ದರೆ ಹಿಂದಿನಿಂದ ಬೆಳಕು ಸೋರುತ್ತದೆ. ಇಷ್ಟು ಹೊತ್ತಿನಲ್ಲಿ ಅಲುಗುವುದೆಲ್ಲ ಮಸುಕು. ಕಪ್ಪತಗುಡ್ಡದ ಮೇಲೆ ಹೋದರೆ ಗಾಳಿಗೆ ಹುಲ್ಲು, ಗಿಡ, ಗಾಳಿಯಂತ್ರದ ರೆಕ್ಕೆ ಎಲ್ಲ ಹೊಗೆಯಾಗುತ್ತದೆ. ಅದೂ ಒಂದು ಚೆಂದ ಅನ್ನಿ. ಆದರೆ ಕಲಿಯುವವರಿಗೆ ಲಕ್ಕುಂಡಿಯೇ ವಾಸಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ 1007ರಿಂದ ಅಲ್ಲೇ ನಿಂತಿದೆ, ಹದಿನೈದು ಸೆಕೆಂಡಿಗೆ ಅಲುಗುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಕಾಕಾ ನೋಡಿದ ಫೋಟೋವನ್ನು ನಾನು ಹೊರಗಿನ ರಸ್ತೆಯಿಂದಲೇ ತೆಗೆದಿದ್ದೆ.

ಇನ್ನೊಂದು ಸಂಕಟ ಹಾಟ್ ಸ್ಪಾಟ್. ಕೆಲವು ಲೆನ್ಸ್‌ಗಳಲ್ಲಿ ಫೋಟೋದ ನಟ್ಟನಡುವೆ ದುಂಡಗೆ ಒಂದು ಬಿಳಿ ಕಲೆ ಬರುತ್ತದೆ. ಲೆನ್ಸಿನ ಒಳಗಿನ ಲೇಪನಗಳು ಅವಕೆಂಪಿಗೆಂದು ಮಾಡಿದವಲ್ಲ, ಆ ಬೆಳಕು ಒಳಗೇ ಪುಟಿದಾಡುತ್ತದೆ. ಎಫ್ ಸಂಖ್ಯೆ ಏರಿಸಿದಷ್ಟೂ ಕಲೆ ಎದ್ದು ಕಾಣುತ್ತದೆ. ಅಂಥ ಲೆನ್ಸ್ ಪಕ್ಕಕ್ಕಿಟ್ಟು ಬೇರೆಯದನ್ನು ಹಾಕಿ. ದುಬಾರಿ ಲೆನ್ಸಿನಲ್ಲಿ ಕಲೆ, ಕ್ಯಾಮೆರಾ ಜೊತೆ ಬಂದ ಅಗ್ಗದ ಲೆನ್ಸಿನಲ್ಲಿ ಇಲ್ಲ, ಹೀಗೂ ಆಗುತ್ತದೆ.

ಈ ಹುಚ್ಚಿನಲ್ಲಿ ನನಗೆ ಬಹಳ ಹಿಡಿಸಿದ್ದು ಹೊತ್ತಿನ ವಿಷಯ. ಬೆಳಗ್ಗೆ ಎದ್ದು ಹೋಗಿ, ಸಂಜೆ ಬೆಳಕಿಗೆ ಕಾಯಿರಿ, ಮಧ್ಯಾಹ್ನ ಕ್ಯಾಮೆರಾ ಮುಟ್ಟಬೇಡಿ ಎಂದು ಫೋಟೋ ಕಲಿಸುವವರೆಲ್ಲ ಹೇಳುತ್ತಾರೆ. ಅವಕೆಂಪಿಗೆ ಮಟಮಟ ಮಧ್ಯಾಹ್ನವೇ ಬೇಕು. ಊರೆಲ್ಲ ಉಂಡು ಮಲಗಿದಾಗ ನಾವು ಹೊರಡಬಹುದು. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಏನೂ ಗಿಟ್ಟುವುದಿಲ್ಲ. ಮಳೆ ಹಿಂದೆ ಸರಿದು, ನೆಲ ಇನ್ನೂ ಹಸಿರಾಗಿದ್ದು, ನೀಲಿ ಆಕಾಶದಲ್ಲಿ ಅರಳೆಯಂಥ ಮೋಡ ತೇಲುವ ಅಕ್ಟೋಬರ್ ನನ್ನ ಪ್ರಕಾರ ಅತ್ಯುತ್ತಮ. ಬೇಸಿಗೆಯಲ್ಲಿ ಒಣಹುಲ್ಲಿಗೆ ಆ ಹೊಳಪಿಲ್ಲ. ಆದರೆ ಯುಗಾದಿ ಹೊತ್ತಿಗೆ ಬೇವು ಚಿಗುರುತ್ತದಲ್ಲ, ಎರೆ ಹೊಲದ ಕರೀ ಮಣ್ಣಿನ ನಡುವೆ ಒಂದೇ ಒಂದು ಬೆಳ್ಳನೆಯ ಮರ. ಅದನ್ನು ಬಿಡಬೇಡಿ.

ಈಗ ಬಣ್ಣದ ಮಾತಿಗೆ ಬರೋಣ. ತೆಗೆದ ಕೂಡಲೇ ಕ್ಯಾಮೆರಾ ತೋರಿಸುವ ಫೋಟೋ ಪೂರ್ತಿ ಕುಂಕುಮದ ಡಬ್ಬಿ ಬೋರಲಾದ ಹಾಗಿರುತ್ತದೆ. ಗಾಬರಿ ಬೇಡ. ಸೆನ್ಸರಿನ ಒಂದೊಂದು ಚುಕ್ಕೆಯ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಬಣ್ಣದ ಪುಟ್ಟ ಫಿಲ್ಟರ್ ಇದೆ. 720ರ ಆಸುಪಾಸಿನ ಬೆಳಕು ಕೆಂಪಿನಲ್ಲಿ ಜಾಸ್ತಿ, ನೀಲಿಯಲ್ಲಿ ಕಡಿಮೆ ಸೋರುತ್ತದೆ. ಆ ಕೆಂಪು ಬಂದದ್ದು ಈ ಸೋರಿಕೆಯಿಂದ. 850ರ ಫಿಲ್ಟರ್ ಹಾಕಿದರೆ ಮೂರರಲ್ಲೂ ಹೆಚ್ಚುಕಡಿಮೆ ಸಮ ಸೋರುತ್ತದೆ, ಫೋಟೋ ಕಪ್ಪುಬಿಳುಪಾಗುತ್ತದೆ. 720ರಲ್ಲಿ ಬಣ್ಣವನ್ನು ಆಮೇಲೆ ತಿದ್ದಬೇಕಾಗುತ್ತದೆ, ಹಾಗಾಗಿ ಸೆನ್ಸರ್ ಹಿಡಿದದ್ದನ್ನು ಇದ್ದ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಬಿಸಿಲಲ್ಲಿರುವ ಹಸಿರು ಹುಲ್ಲನ್ನು ಫಿಲ್ಟರ್ ಮೂಲಕ ತೋರಿಸಿ, ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ಹೇಳಿ ವೈಟ್ ಬ್ಯಾಲೆನ್ಸ್ ಕೂಡಿಸಿ. ಎಲೆ ಬೆಳ್ಳಗಾಗುತ್ತದೆ, ಆಕಾಶ ಕಂದು ಬಣ್ಣಕ್ಕೆ ಬರುತ್ತದೆ. ಆಮೇಲೆ ಪುಕ್ಕಟೆ ಸಿಗುವ ಗಿಂಪ್‌ನಂಥ ತಂತ್ರಾಂಶದಲ್ಲಿ ಕೆಂಪು ಚಾನೆಲ್ಲನ್ನೂ ನೀಲಿ ಚಾನೆಲ್ಲನ್ನೂ ಅದಲುಬದಲು ಮಾಡಿದರೆ ಕಂದು ಆಕಾಶ ನೀಲಿಯಾಗುತ್ತದೆ. ಇದು ಮೋಸ ಅಲ್ವಾ ಎಂದು ಗೆಳೆಯರು ಕೇಳುತ್ತಾರೆ. ನಿಜವಾದ ಬಣ್ಣ ಎನ್ನುವುದು ಇದ್ದರೆ ತಾನೇ ಮೋಸ? ಉಪಗ್ರಹದವರು ಬೆಳೆಗೆ ಕೆಂಪು ಕೊಟ್ಟರು, ನಾವು ಆಕಾಶಕ್ಕೆ ನೀಲಿ ಕೊಟ್ಟೆವು. ನನಗಂತೂ ಕಪ್ಪುಬಿಳುಪೇ ಇಷ್ಟ.

ಹುಚ್ಚು ಏರಿದರೆ ಕ್ಯಾಮೆರಾ ಬಿಚ್ಚಿಸಿ ಹಾಟ್ ಮಿರರ್ ತೆಗೆಸುವವರೂ ಇದ್ದಾರೆ. ಆಗ ಟ್ರೈಪಾಡೇ ಬೇಡ, ಕೈಯಲ್ಲಿ ಹಿಡಿದೇ ತೆಗೆಯಬಹುದು. ಆದರೆ ವಾರಂಟಿ ಹೋಗುತ್ತದೆ, ಕ್ಯಾಮೆರಾ ಮಾಮೂಲಿ ಫೋಟೋಗೆ ವಾಪಸು ಬರುವುದೂ ಕಷ್ಟ. ನನ್ನ ಗೆಳೆಯನೊಬ್ಬ ರಿಪೇರಿ ಅಂಗಡಿಯೊಂದರಲ್ಲಿ ಮಾಡಿಸಿದ, ಗಾಜಿನ ಒಳಗೆ ಧೂಳು ಕೂತು ಎಲ್ಲ ಆಕಾಶದಲ್ಲೂ ಚುಕ್ಕೆ. ಮನೆಯಲ್ಲಿ ಸ್ವತಃ ಬಿಚ್ಚಲು ಹೋಗಬೇಡಿ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ, ಬ್ಯಾಟರಿ ತೆಗೆದ ಮೇಲೂ.

ಮೊನ್ನೆ ಗದಗಿಗೆ ಹೋದಾಗ ಕಾಕಾನನ್ನೇ ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿದೆ. ಮದುವೆಗಳಿಗೆ ಹಾಕುವ ಕರೀ ಪಾಲಿಯೆಸ್ಟರ್ ಕೋಟು ಹಾಕಿಕೊಂಡು ಬಂದರು. ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದು ಕೂತರು. ಫೋಟೋದಲ್ಲಿ ಮುಖ ಹಾಲಿನ ಹಾಗೆ ನುಣುಪು, ಕಣ್ಣು ಎರಡು ಕರೀ ಗುಂಡಿ. ಕೋಟು ಬೂದಿಯಷ್ಟು ಬೆಳ್ಳಗೆ. ಎಲ್ಲ ಕಪ್ಪು ಬಟ್ಟೆಗೂ ಹೀಗಾಗುವುದಿಲ್ಲ, ಬಣ್ಣ ಹಾಕುವಾಗ ಏನು ಬಳಸಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ. ಕಾಕಾ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು.

“ಕೋಟ ಬೆಳ್ಳಗ ಮಾಡೀದಿ, ಆತು. ಹಂಗ ನನ್ನ ಕೂದಲಾ ಕರ್ರಗ ಮಾಡಾಕ ಬರ್ತೈತೇನು?”