ಬಾಗಿಲಲ್ಲಿ ನಿಂತವರ ಮಾತು ನಂಬುವ ಸರ್ವರ್

ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟ. ಅಲ್ಲಿ ಮೂರು ಕಂಪ್ಯೂಟರ್‌ಗಳಿವೆ: ರೈಟರ (ತೋಟದ ಗುಮಾಸ್ತರ) ಮೇಜಿನ ಮೇಲೊಂದು, ಗೋಡೌನಿನಲ್ಲೊಂದು, ಯಜಮಾನರ ಮನೆಯಲ್ಲೊಂದು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಕೂಲಿ ಬಟವಾಡೆ, ಮಳೆ ಲೆಕ್ಕ ಎಲ್ಲವೂ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿದ್ದವು. ಯಾವುದು ಹೊಸದು, ಯಾವುದು ಹಳೆಯದು ಅಂತ ದಿನವೂ ಗೊಂದಲ. ಹಾಗಾಗಿ ನಾನೊಂದು ಲಿನಕ್ಸ್ ಸರ್ವರ್ ಹಾಕಿಕೊಟ್ಟೆ. ಫೈಲುಗಳು ಇರುವುದು ಒಂದೇ ಕಡೆ, ಆದರೆ ಮೂರೂ ಕಂಪ್ಯೂಟರ್‌ಗಳಿಗೆ ತಮ್ಮದೇ ಡಿಸ್ಕ್‌ನಲ್ಲಿ ಇದ್ದ ಹಾಗೆ ಕಾಣುತ್ತವೆ.

ಇದನ್ನು ಸಾಧ್ಯವಾಗಿಸುವುದು ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ರೂಪಿಸಿತು. ಮಲೆನಾಡಿಗೆ ಹೇಳಿ ಮಾಡಿಸಿದಂಥ ಗುಣವೊಂದು ಇದಕ್ಕಿದೆ. ಇದರ 2 ಮತ್ತು 3ನೇ ಆವೃತ್ತಿಗಳಲ್ಲಿ, ಯಾರು ಯಾವ ಫೈಲ್ ತೆರೆದಿದ್ದಾರೆ ಎಂದು ಸರ್ವರ್ ನೆನಪಿಟ್ಟುಕೊಳ್ಳುವುದೇ ಇಲ್ಲ. ಪ್ರತಿ ಸಲವೂ ಕೇಳುವ ಕಂಪ್ಯೂಟರೇ ‘ಈ ಫೈಲ್, ಇಲ್ಲಿಂದ ಇಷ್ಟು ಬೈಟ್ ಕೊಡು’ ಅಂತ ಪೂರ್ತಿ ಹೇಳುತ್ತದೆ. ಜುಲೈ ಮಳೆಗೆ ಲೈನಿನ ಮೇಲೆ ಮರ ಬಿದ್ದು ಸರ್ವರ್ ಆರಿಹೋದರೂ ರೈಟರ ಲ್ಯಾಪ್‌ಟಾಪ್ ಅದೇ ಪ್ರಶ್ನೆ ಕೇಳುತ್ತಾ ಕಾಯುತ್ತದೆ. ಕರೆಂಟ್ ಬಂದು ಸರ್ವರ್ ಎದ್ದರೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ?

ಯಾರಿಗೆ ಏನು ಕೊಡಬೇಕು ಅನ್ನುವುದು ಎಕ್ಸ್‌ಪೋರ್ಟ್ಸ್ ಎಂಬ ಒಂದು ಚಿಕ್ಕ ಫೈಲಿನಲ್ಲಿರುತ್ತದೆ. ಫೋಲ್ಡರ್ ಹೆಸರು, ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ, ಅದಕ್ಕೆ ಅಂಟಿಕೊಂಡು ಆವರಣ ಚಿಹ್ನೆಯೊಳಗೆ, ಅಂದರೆ ಬ್ರಾಕೆಟ್‌ನೊಳಗೆ, ಅನುಮತಿ. ಮಳೆ ಪುಸ್ತಕವನ್ನು 192.168.1.10 ವಿಳಾಸದ ರೈಟರ ಕಂಪ್ಯೂಟರಿನಿಂದ ಮಾತ್ರ ಬರೆಯಬೇಕಿತ್ತು. ನಾನು ವಿಳಾಸಕ್ಕೂ ಆವರಣಕ್ಕೂ ನಡುವೆ ಒಂದು ಸ್ಪೇಸ್ ಬಿಟ್ಟಿದ್ದೆ. ಮಾರನೇ ದಿನವೇ ಫೋನ್ ಬಂತು: ರೈಟರಿಗೆ ಬರೆಯಲು ಆಗುತ್ತಿಲ್ಲ, ಗೋಡೌನಿನವರಿಗೆ ಆಗುತ್ತಿದೆ! ಆ ಸ್ಪೇಸ್‌ನಿಂದ ಒಂದು ಸಾಲು ಎರಡಾಗಿತ್ತು. ರೈಟರ ವಿಳಾಸಕ್ಕೆ ಏನೂ ಹೇಳದೆ ಬಿಟ್ಟ ಹಾಗಾಗಿ ಅದಕ್ಕೆ ಓದುವ ಅನುಮತಿ ಮಾತ್ರ ಸಿಕ್ಕಿತ್ತು. ಆವರಣದಲ್ಲಿದ್ದ ಬರೆಯುವ ಅನುಮತಿ ಉಳಿದ ಎಲ್ಲರಿಗೂ ಹೋಗಿತ್ತು. ಸ್ಪೇಸ್ ಅಳಿಸಿದೆ, ಸರಿಹೋಯಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ ವಿಷಯ. ಅದೇ ತೋಟದಲ್ಲಿ ಹೋಂಸ್ಟೇ ಇದೆ. ಅತಿಥಿಗಳಿಗೂ ಆಫೀಸಿಗೂ ಒಂದೇ ವೈಫೈ.

ಬಟವಾಡೆ ಫೋಲ್ಡರಿಗೆ ರೈಟರ ವಿಳಾಸವನ್ನು ಮಾತ್ರ ಬರೆದಿದ್ದೆ, ನಿಜ. ಆದರೆ ವಿಳಾಸ ಅನ್ನುವುದು ಬಂದವರು ತಾವಾಗಿ ಹೇಳಿಕೊಳ್ಳುವ ಮಾತು. ರೈಟರು ಸಂಜೆ ಕಂಪ್ಯೂಟರ್ ಆರಿಸಿ ಹೋದ ಮೇಲೆ ಬೇರೆ ಲ್ಯಾಪ್‌ಟಾಪ್ ಅದೇ ವಿಳಾಸ ಇಟ್ಟುಕೊಂಡು ಬಂದರೆ ಸರ್ವರಿಗೆ ವ್ಯತ್ಯಾಸ ಗೊತ್ತಾಗದು. ಮನುಷ್ಯರ ಗುರುತೂ ಹಾಗೇ. ಸಾಮಾನ್ಯ ಎನ್‌ಎಫ್‌ಎಸ್‌ನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಬಂದ ಕಂಪ್ಯೂಟರ್ ‘ನಾನು 1001ನೇ ಬಳಕೆದಾರನ ಪರವಾಗಿ ಕೇಳುತ್ತಿದ್ದೇನೆ’ ಅಂದರೆ ಸರ್ವರ್ ನಂಬುತ್ತದೆ. ರೈಟರ ಸಂಖ್ಯೆ 1001 ಆಗಿದ್ದರೆ, ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಸಂಖ್ಯೆಯ ಖಾತೆ ಮಾಡಿಕೊಂಡವನೂ ರೈಟರೇ! ರೂಟ್ ಸ್ಕ್ವಾಶ್ ಎಂಬ ಕಾವಲು ಇದೆ. ಅದು ‘ನಾನೇ ಯಜಮಾನ’ ಎಂದು ಬರುವ ರೂಟ್ ಎಂಬ, ಕಂಪ್ಯೂಟರಿನ ಎಲ್ಲ ಅಧಿಕಾರವೂ ಇರುವ ಬಳಕೆದಾರನನ್ನು ಯಾವ ಅಧಿಕಾರವೂ ಇಲ್ಲದ ಸಾಮಾನ್ಯನನ್ನಾಗಿ ಮಾಡುತ್ತದೆ. 1001 ಎಂದು ಬಂದವನನ್ನು ಅದು ತಡೆಯುವುದಿಲ್ಲ.

ಎಲ್ಲರೂ ಪರಸ್ಪರ ಗೊತ್ತಿದ್ದ, ಕಂಪ್ಯೂಟರ್‌ಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಕಚೇರಿಗಳಲ್ಲಿ ಈ ನಂಬಿಕೆ ನಡೆಯುತ್ತಿತ್ತು. ದಿನಕ್ಕೊಬ್ಬರು ಹೊಸಬರು ಬರುವ ಮನೆಯಲ್ಲಿ ನಡೆಯದು. ಕೆರ್ಬರೋಸ್ ಎಂಬ ವ್ಯವಸ್ಥೆ ಸೇರಿಸಿದರೆ ಪ್ರತಿಯೊಬ್ಬರೂ ತಮ್ಮ ಗುರುತನ್ನು ಸಾಬೀತು ಮಾಡಿಯೇ ಒಳಗೆ ಬರಬೇಕು. ಬೇಕಿದ್ದರೆ ದಾರಿಯಲ್ಲಿ ಹೋಗುವ ಮಾಹಿತಿಯನ್ನೂ ಅದು ಗೂಢಲಿಪಿಯಾಗಿಸುತ್ತದೆ. ದೊಡ್ಡ ಕಚೇರಿಗೆ ಅದೇ ಸರಿ. ಮೂರು ಕಂಪ್ಯೂಟರ್‌ಗಳಿಗೆ ಅದನ್ನು ನಡೆಸುವುದು ರೈಟರ ತಲೆ ಮೇಲೆ ಇನ್ನೊಂದು ಮೂಟೆ ಹೊರಿಸಿದ ಹಾಗೆ ಅನ್ನಿಸಿತು.

ಅದಕ್ಕೇ ಅತಿಥಿಗಳ ವೈಫೈಯನ್ನು ಬೇರೆ ನೆಟ್‌ವರ್ಕ್ ಮಾಡಿ, ಅಲ್ಲಿಂದ ಆಫೀಸಿನ ಕಡೆಗಿನ ದಾರಿಯನ್ನು ರೂಟರಿನಲ್ಲೇ ಮುಚ್ಚಿದೆ. ಸರ್ವರಿನ ಫೈರ್‌ವಾಲ್‌ನಲ್ಲಿ ಎನ್‌ಎಫ್‌ಎಸ್‌ನ 2049ನೇ ಪೋರ್ಟನ್ನು, ಅಂದರೆ ಅದು ಬಳಸುವ ಬಾಗಿಲನ್ನು, ಮೂರೇ ವಿಳಾಸಗಳಿಗೆ ತೆರೆದಿಟ್ಟೆ. ಆಮೇಲೆ ಹೋಂಸ್ಟೇ ಜಗಲಿಯಲ್ಲಿ ಕೂತು, ಅತಿಥಿಗಳ ವೈಫೈನಿಂದ ಬಟವಾಡೆ ಫೋಲ್ಡರ್ ತೆರೆಯಲು ನೋಡಿದೆ. ಸರ್ವರ್ ಸಿಗಲೇ ಇಲ್ಲ. ಸಮಾಧಾನದಿಂದ ಎದ್ದಾಗ ಗೋಡೆಯ ಮೂಲೆಯಲ್ಲೊಂದು ಹಳೆಯ ಕೇಬಲ್ ಪಾಯಿಂಟ್ ಕಂಡಿತು. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ರೈಟರ ವಿಳಾಸ ಕೊಟ್ಟು, 1001 ಆಗಿ ಕೇಳಿದೆ. ಬಟವಾಡೆ ಪಟ್ಟಿ ಪೂರ್ತಿ ತೆರೆದುಕೊಂಡಿತು. ಅವತ್ತೇ ಆ ಕೇಬಲನ್ನು ಆಫೀಸಿನ ಸ್ವಿಚ್‌ನಿಂದ ಬಿಚ್ಚಿದೆ.